ನಮ್ಮ ಮಾವನವರಿಗೆ ತಡವಾಗುತ್ತಿದೆ

ನಮ್ಮ ಮಾವನವರು ತಮ್ಮ ಮದುವೆಗೆ ಒಂದು ದಿನ ಮೊದಲೇ ಹೋಗಿಬಿಟ್ಟಿದ್ದರು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ, ಆ ಮನೆಗೆ ಸೊಸೆಯಾಗಿ ಬಂದು ಮೂರು ದಿನ ಕಳೆಯುವವರೆಗೆ. ನಾಲ್ಕನೆಯ ದಿನ ಬೆಳಗಿನ ನಾಲ್ಕೂವರೆಗೆ ನಮ್ಮ ಕೋಣೆಯ ಬಾಗಿಲು ತಟ್ಟಿ, "ಏಳ್ರಪ್ಪ, ವೊತ್ತಾಯ್ತು" ಎಂದರು ನೋಡಿ, ಆಗ ನಂಬಿದೆ. ಯಾವುದಕ್ಕೆ ಹೊತ್ತಾಯಿತು ಎಂದು ಕೇಳುವ ಧೈರ್ಯ ಹೊಸ ಸೊಸೆಗೆಲ್ಲಿಂದ ಬರಬೇಕು? ಈಗ ಮದುವೆಯಾಗಿ ಇಪ್ಪತ್ತು ವರ್ಷವಾಯಿತು. ಯಾವುದಕ್ಕೆ ಹೊತ್ತಾಯಿತೆಂದು ಇನ್ನೂ ಗೊತ್ತಾಗಿಲ್ಲ.

ಮದುವೆಯ ಕತೆಯನ್ನು ನನಗೆ ಹೇಳಿದ್ದು ನಮ್ಮ ಅತ್ತೆ. ಅವರ ತವರು ಮದ್ದೂರಿನ ಹತ್ತಿರದ ಒಂದು ಊರು. ವರಪೂಜೆ ನಾಳೆ ಸಂಜೆ ಎನ್ನುವಾಗ ಇವತ್ತು ಬೆಳಿಗ್ಗೆಯೇ ಮದುಮಗ ಒಬ್ಬನೇ, ಕೈಯಲ್ಲೊಂದು ಬ್ಯಾಗು ಹಿಡಿದು, ಮೊದಲ ಬಸ್ಸಿಗೆ ಇಳಿದನಂತೆ. ಹೆಣ್ಣಿನ ಮನೆಯವರು ಗಾಬರಿಯಾಗಿ, ಏನು ಅನಾಹುತವಾಯಿತೋ, ಮದುವೆ ಬೇಡ ಎನ್ನಲು ಬಂದನೋ ಎಂದು ಮುಖ ಮುಖ ನೋಡಿಕೊಂಡರೆ, ಇವರು ಹೇಳಿದ್ದು ಇಷ್ಟೇ: ನಾಳೆ ಹೇಗಿದ್ದರೂ ಬರಲೇಬೇಕಲ್ಲ, ಇವತ್ತೇ ಬಂದುಬಿಟ್ಟರೆ ಒಂದು ಕೆಲಸ ಮುಗಿಯುತ್ತದೆ. ಆ ಮನೆಗೆ ಆಗಿನ್ನೂ ಸುಣ್ಣ ಹೊಡೆಯುತ್ತಿದ್ದರು. ಮದುಮಗ ಎರಡು ನಿಮಿಷ ಸುಮ್ಮನೆ ಕೂತು ನೋಡಿದರು. ಸುಣ್ಣ ಹೊಡೆಯುವವನ ನಿಧಾನ ನೋಡಲಾರದೆ ಬ್ರಷ್ಷು ಕಿತ್ತುಕೊಂಡರು. ಹೀಗೆ ನಮ್ಮ ಮಾವನವರು ತಮ್ಮ ಮದುವೆಯ ಮನೆಗೆ ತಾವೇ ಸುಣ್ಣ ಹೊಡೆದರು. ಎಷ್ಟು ಬೇಗ ಹೊಡೆದರೆಂದರೆ ಗೋಡೆಯ ಜೊತೆಗೆ ಒಂದು ಕಿಟಕಿ, ಒಂದು ಕ್ಯಾಲೆಂಡರು, ನಮ್ಮ ಅತ್ತೆಯ ಅಜ್ಜನ ಫೋಟೋದ ಅರ್ಧಭಾಗ ಎಲ್ಲವೂ ಬೆಳ್ಳಗಾದವಂತೆ.

ಅತ್ತೆ ಈ ಕತೆಯನ್ನು ಪ್ರತಿ ಸಲವೂ ಮಾವನವರ ಎದುರಿಗೇ ಹೇಳುತ್ತಿದ್ದರು. ಅವರು ಪೇಪರಿನಿಂದ ಮುಖ ಎತ್ತದೆ, "ಬೇಗ ಏಳಿ ಮುಗ್ಸು" ಎನ್ನುತ್ತಿದ್ದರು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅದೊಂದು ವಿಷಯದಲ್ಲಿ ಮಾತ್ರ ಅವರು ಗಂಡನಿಗಿಂತ ಮುಂದೆ ಹೋದರು.

ಮಾವನವರದು ಮಳವಳ್ಳಿ ಕಡೆಯ ರೈತರ ಮನೆತನ. ಕೆಲಸ ಮಾಡಿದ್ದು ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ, ಮೂವತ್ತೈದು ವರ್ಷ. ಗೋಡೆ ತುಂಬ ಮೀಟರುಗಳು, ಕೆಂಪು ದೀಪ, ಹಸಿರು ದೀಪ, ಒಂದು ಫೋನು. ಕೆಂಪು ದೀಪ ಹತ್ತಿದರೆ ಯೋಚನೆ ಮಾಡುತ್ತಾ ಕೂರುವಂತಿಲ್ಲ, ಕೈ ಮೊದಲು ಓಡಬೇಕು. ಆ ಕೈ ಓಡಿ ಓಡಿ ಅಭ್ಯಾಸವಾಯಿತು. ಫೋನು ಮೊದಲ ಸಲ ಟ್ರಿಣ್ ಎನ್ನುವುದರೊಳಗೆ ಎತ್ತಿ "ಏಳಿ" ಎನ್ನುತ್ತಾರೆ. ಆ ಕಡೆಯವರು ಹೇಳಿ ಮುಗಿಸುವ ಮೊದಲೇ "ಆಯ್ತು" ಎಂದು ಇಡುತ್ತಾರೆ. ನಮ್ಮ ನೆಂಟರ ಪೈಕಿ ಯಾರು ಬಸುರಿ, ಯಾರಿಗೆ ಆಪರೇಷನ್ನು, ಯಾರ ಮನೆಯ ಗೃಹಪ್ರವೇಶ ಎಂಬುದೆಲ್ಲ ನಮಗೆ ಅರ್ಧ ಅರ್ಧವೇ ಗೊತ್ತಾಗುವುದು ಹೀಗಾಗಿ. ಒಮ್ಮೆ ಬಸುರಿಯೆಂದು ತಿಳಿದು ಮಡಿಲು ತುಂಬುವ ಸಾಮಾನು ಹೊತ್ತುಕೊಂಡು ಹೋದರೆ ಆ ಮನೆಯಲ್ಲಿ ಆಪರೇಷನ್ ಆಗಿದ್ದು ಅತ್ತಿಗೆಯ ಮಾವನಿಗೆ. ಬಳೆ ವಾಪಸು ತಂದೆವು, ಬಾಳೆಹಣ್ಣು ಅಲ್ಲೇ ಕೊಟ್ಟೆವು.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಮಗ, ಅಂದರೆ ನನ್ನ ಗಂಡ, ಹೆರಿಗೆಯ ದಿನ ಕಳೆದು ಎರಡು ವಾರ ತಡವಾಗಿ ಹುಟ್ಟಿದವರು. ಅಪ್ಪನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಮಗ ಮಳವಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಹೋಗಿ ಸಂಜೆ ಬಸ್ಸಿನಲ್ಲಿ ಎಷ್ಟು ಹೊತ್ತಿಗೆ ಬರುತ್ತಾರೋ ಬರುತ್ತಾರೆ. ಅಪ್ಪ ಕೂಗಿದರೆ "ಹೂಂ" ಎನ್ನುತ್ತಾರೆ, ನಾನು ಕೂಗಿದರೂ "ಹೂಂ" ಎನ್ನುತ್ತಾರೆ. ಮನೆಯಲ್ಲಿ ಬಿರುಗಾಳಿ ಎದ್ದಾಗ ಅವರು ಬಚ್ಚಲಿಗೆ ಹೋಗಿ ಬಹಳ ನಿಧಾನವಾಗಿ ಕಾಲು ತೊಳೆಯುತ್ತಾರೆ. ಅಷ್ಟು ಸ್ವಚ್ಛವಾದ ಕಾಲುಗಳು ಮಂಡ್ಯದಲ್ಲಿ ಇನ್ನೊಬ್ಬರಿಗಿಲ್ಲ.

ಆದ್ದರಿಂದ ಮಾವನವರ ಅವಸರವೆಲ್ಲ ನೇರವಾಗಿ ನನ್ನ ಪಾಲಿಗೆ ಬಂತು. ಅವರು ನಿವೃತ್ತರಾಗಿ ಮಂಡ್ಯದಲ್ಲಿ ಮನೆ ಕಟ್ಟಿ ಹದಿನಾಲ್ಕು ವರ್ಷವಾಯಿತು. ನಾನು ಮದ್ದೂರಿನಿಂದ ಮಳವಳ್ಳಿ ರಸ್ತೆಯಲ್ಲಿ ಸ್ವಲ್ಪ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಎರಡು ಬಸ್ಸು ಹೋಗುವಾಗ, ಎರಡು ಬಸ್ಸು ಬರುವಾಗ. ಗಣಿತ ಹೇಳಿಕೊಡುವುದು ಮಾತಿಗಷ್ಟೇ. ಮಿಕ್ಕ ಹೊತ್ತಿನಲ್ಲಿ ಮಕ್ಕಳ ತೂಕ ಬರೆಯುವುದು, ಮೊಟ್ಟೆ ಎಣಿಸುವುದು, ಬರೆದದ್ದನ್ನೆಲ್ಲ ಫೋನಿನಲ್ಲಿ ಏರಿಸುವುದು, ಏರದಿದ್ದರೆ ಶಾಲೆಯ ಹಿಂದಿನ ನೀರಿನ ಟ್ಯಾಂಕು ಹತ್ತಿ ಸಿಗ್ನಲ್ಲು ಹುಡುಕುವುದು. ಇದರ ಮೇಲೆ ಬೆಳಿಗ್ಗೆ ನಾಲ್ಕೂವರೆಯ ಬಾಗಿಲು ತಟ್ಟುವಿಕೆ. ಸುಸ್ತು ಎನ್ನುವುದು ನನಗೆ ಹೊಸ ವಿಷಯವಲ್ಲ. ಅದು ಒಡವೆಯ ಹಾಗೆ, ಹಾಕಿಕೊಂಡಿದ್ದೇನೆ ಎಂಬುದೇ ಮರೆತುಹೋಗಿದೆ.

ಹಾಲಿನವನು ಐದೂವರೆಗೆ ಬರುತ್ತಾನೆ. ಮಾವನವರು ಐದಕ್ಕೇ ಗೇಟಿನಲ್ಲಿ ನಿಲ್ಲುತ್ತಾರೆ. ಐದೂ ಹತ್ತಕ್ಕೆ ಬೀದಿಯ ಕೊನೆಗೆ, ಐದೂ ಕಾಲಿಗೆ ಅವನು ಹಾಲು ತುಂಬಿಸಿಕೊಳ್ಳುವ ಕಡೆಗೆ. ಕೊನೆಗೆ ಅವನೇ ಬೇಸತ್ತು, ಯಜಮಾನರೇ, ನೀವು ದಿನಾ ಇಲ್ಲಿಗೇ ಬರುವುದಾದರೆ ನಿಮ್ಮ ಬೀದಿಯ ಹಾಲನ್ನೂ ಒಯ್ದುಬಿಡಿ ಎಂದನಂತೆ. ನಮ್ಮ ಮಾವನವರು ಒಂದು ವಾರ ಒಯ್ದರು! ಬೀದಿಯವರೆಲ್ಲ ಐದೂ ಇಪ್ಪತ್ತಕ್ಕೆ ಎದ್ದು, ಕಣ್ಣುಜ್ಜುತ್ತಾ ಹಾಲು ತೆಗೆದುಕೊಂಡು, ಎಂಟನೆಯ ದಿನ ಹಾಲಿನವನ ಹತ್ತಿರ ಹೋಗಿ ಕೈ ಮುಗಿದರು.

ಕುಕ್ಕರಿನದು ಇನ್ನೊಂದು ಕತೆ. ಬೇಳೆಗೆ ನಾಲ್ಕು ವಿಷಲ್ ಬೇಕು. ಮಾವನವರ ಪ್ರಕಾರ ಎರಡು ಸಾಕು, ಮಿಕ್ಕೆರಡು ಹೆಂಗಸರ ಕಲ್ಪನೆ. ಒಂದು ಭಾನುವಾರ ನಾನು ಬಟ್ಟೆ ಒಣಗಿಸಲು ಮಹಡಿಗೆ ಹೋದಾಗ, ಎರಡನೆಯ ವಿಷಲ್ಲಿಗೇ ಚಿಮಟದಲ್ಲಿ ವೆಯ್ಟು ಎತ್ತಿ, ಮುಚ್ಚಳ ತಿರುಗಿಸಿದ್ದಾರೆ. ಸದ್ದು ಕೇಳಿ ಓಡಿ ಬಂದೆ. ಮಾವನವರು ಕ್ಷೇಮವಾಗಿದ್ದರು. ಮುಚ್ಚಳ ಹಿತ್ತಲಿನಲ್ಲಿತ್ತು. ಬೇಳೆ ಚಾವಣಿಯಲ್ಲಿತ್ತು. "ಬೆಂದದೆ ನೋಡು" ಎಂದರು, ಮೇಲೆ ನೋಡುತ್ತಾ. ಮುಂದಿನ ವರ್ಷ ಬಣ್ಣ ಹೊಡೆಯಲು ಬಂದವನು ಕೆರೆದು ಕೆರೆದು ಸೋತು, ಬೇಳೆಯ ಮೇಲೇ ಬಣ್ಣ ಹೊಡೆದು ಹೋದ. ಈಗಲೂ ನಮ್ಮ ಅಡುಗೆಮನೆಯ ಚಾವಣಿ ನೋಡಿದವರು, ಇದು ಯಾವ ಡಿಸೈನು, ಎಷ್ಟಾಯಿತು ಎಂದು ಕೇಳುತ್ತಾರೆ.

ಇಷ್ಟೇ ಆಗಿದ್ದರೆ ಅವಸರದ ಮನುಷ್ಯ ಎಂದು ಸುಮ್ಮನಾಗಬಹುದಿತ್ತು. ಆದರೆ ಮಾವನವರಿಗೆ ಅಧಿಕಾರವೂ ಬೇಕು. ಬೀದಿಯಲ್ಲಿ ಕರೆಂಟು ಹೋದರೆ ತಕ್ಷಣ ಲೈನ್‌ಮನ್‌ಗೆ ಫೋನು. "ನಾನು ಬ್ಲಫ್‌ನಿಂದ ಮಾತಾಡ್ತಾ ಇವ್ನಿ" ಎಂದು ಶುರುಮಾಡುತ್ತಾರೆ, ಮಂಡ್ಯದ ನಮ್ಮ ಹಜಾರದಲ್ಲಿ ಲುಂಗಿಯುಟ್ಟು ನಿಂತುಕೊಂಡು. ಆ ಲೈನ್‌ಮನ್ ಒಳ್ಳೆಯವನು, ಅದಕ್ಕಿಂತ ಹೆಚ್ಚಾಗಿ ಬುದ್ಧಿವಂತ. ಎರಡು ವರ್ಷ ಬೈಸಿಕೊಂಡ ಮೇಲೆ ಒಂದು ಉಪಾಯ ಕಂಡುಕೊಂಡ. ಕಂಬ ಹತ್ತುವ ಮೊದಲು ಅವನೇ ಫೋನು ಮಾಡಿ, ಯಜಮಾನರೇ, ಒಂದು ತಂತಿ ಬದಲಿಸಬೇಕು, ಹತ್ತು ನಿಮಿಷ ಲೈನು ತೆಗೆಯುತ್ತೇನೆ, ನೀವು ಒಪ್ಪಿದರೆ ಎನ್ನುತ್ತಿದ್ದ. ಮಾವನವರು ಗಡಿಯಾರ ನೋಡಿ, ಸ್ವಲ್ಪ ಯೋಚಿಸಿ, "ತೆಗಿ" ಎನ್ನುತ್ತಿದ್ದರು. ಆಮೇಲೆ ಹೊರಗೆ ಬಂದು, ಬೀದಿಗೆ ಕೇಳುವಂತೆ, ಹತ್ತು ನಿಮಿಷ ಕರೆಂಟು ಇರುವುದಿಲ್ಲ, ನಾನೇ ಹೇಳಿದ್ದೇನೆ ಎನ್ನುತ್ತಿದ್ದರು. ಬೀದಿಯವರು ಈಗ ಮಿಕ್ಸಿಗೆ ಚಟ್ನಿ ಹಾಕುವ ಮೊದಲು ನಮ್ಮ ಮನೆಗೆ ಬಂದು, ಇವತ್ತೇನಾದರೂ ತೆಗೆಸುವವರಿದ್ದೀರಾ ಎಂದು ವಿಚಾರಿಸುವ ಸ್ಥಿತಿಗೆ ಬಂದಿದ್ದಾರೆ.

ನನ್ನ ನೌಕರಿಗೇ ಸಂಚಕಾರ ತಂದದ್ದು ಮಳವಳ್ಳಿಯ ಒಂದು ಬೀಗರ ಊಟ. ನಮ್ಮ ಕಡೆ ಬೀಗರ ಊಟವೆಂದರೆ ನಿಮಗೆ ಗೊತ್ತಲ್ಲ? ಬಂಡೂರು ಕುರಿಯ ಮಾಂಸ ಎಂಬ ಸುದ್ದಿ ಹಬ್ಬಿತ್ತು, ಕರೆದವರಿಗಿಂತ ಹೆಚ್ಚು ಜನ ಬಂದಿದ್ದರು. ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ಹೋಗಿ ನಿಲ್ಲಬೇಕು. ಅವರು ಎದ್ದರೆ ನಾವು ಕೂರಬೇಕು. ಮಾವನವರು ಒಬ್ಬ ದಪ್ಪನೆಯ ಮನುಷ್ಯರ ಕುರ್ಚಿಯ ಹಿಂದೆ ನಿಂತರು. ಆ ಮನುಷ್ಯರೋ ಊಟವನ್ನು ಪ್ರೀತಿಸುವವರು. ಒಂದು ಮೂಳೆಯನ್ನು ಹಿಡಿದು ಆ ಕಡೆಯಿಂದ, ಈ ಕಡೆಯಿಂದ, ಮತ್ತೆ ಆ ಕಡೆಯಿಂದ ಪರಿಶೀಲಿಸುತ್ತಿದ್ದಾರೆ. ಮಾವನವರು ಐದು ನಿಮಿಷ ತಡೆದರು. ಅವರ ಮಟ್ಟಿಗೆ ಅದು ತಪಸ್ಸು. ಆಮೇಲೆ ಬಗ್ಗಿ ಅವರ ಕಿವಿಯ ಹತ್ತಿರ, "ಬುಟ್ಬುಡಪ್ಪ, ಅದ್ರಲ್ಲೇನೂ ಇಲ್ಲ" ಎಂದರು.

ಆ ಮನುಷ್ಯರು ತಿರುಗಿದರು. ಅವರು ನಮ್ಮ ತಾಲ್ಲೂಕಿನ ಶಾಲೆಗಳನ್ನೆಲ್ಲ ತಪಾಸಣೆ ಮಾಡುವ ಅಧಿಕಾರಿ! ನಾನು ಪಕ್ಕದಲ್ಲೇ ನಿಂತಿದ್ದೆ. ನೆಲ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೂ ಅಲ್ಲಿ ಎರಡು ಪಂಕ್ತಿ ಜನ ಮೊದಲೇ ಹೋಗಿ ನಿಂತಿರುತ್ತಿದ್ದರು. ಮುಂದಿನ ವಾರವೇ ಅವರು ನಮ್ಮ ಶಾಲೆಗೆ ಬಂದರು. ಹಾಜರಿ ನೋಡಿದರು, ಮೊಟ್ಟೆಯ ಲೆಕ್ಕ ನೋಡಿದರು, ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಇಡೀ ಪಾಠ ಕೇಳಿದರು. ನನ್ನ ಕೈಯಲ್ಲಿ ಚಾಕ್‌ಪೀಸು ಎರಡು ಸಲ ಮುರಿಯಿತು. ಹೋಗುವಾಗ ಬಾಗಿಲಿನಲ್ಲಿ ನಿಂತು, ಬಹಳ ಗಂಭೀರವಾಗಿ, "ನಿಮ್ಮ ಮಾವನವರಿಗೆ ಹೇಳಿ ಮೇಡಂ, ಆ ಮೂಳೇಲಿ ಇತ್ತು" ಎಂದರು.

ಹೋದ ವರ್ಷ ನಮ್ಮ ಶಿಕ್ಷಕರಿಗೆಲ್ಲ ಮಂಡ್ಯದಲ್ಲಿ ಒಂದು ದಿನದ ತರಬೇತಿ ಇತ್ತು. ವಿಷಯ: ದಿನನಿತ್ಯದ ಬದುಕಿನಲ್ಲಿ ಒತ್ತಡದ ನಿರ್ವಹಣೆ. ಬೆಳಿಗ್ಗೆ ಒಂಬತ್ತೂವರೆಗೆ ಬರದವರಿಗೆ ನೋಟಿಸು ಎಂದಿದ್ದರಿಂದ ಎಲ್ಲರೂ ಒತ್ತಡದಲ್ಲೇ ಬಂದಿದ್ದೆವು. ಮಾತನಾಡಲು ಬಂದಿದ್ದವರು ಹೇಳಿದರು: ಸಿಟ್ಟು ಬಂದಾಗ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸುವವರೆಗೆ ತಡೆಯಿರಿ, ನಾಲ್ಕು ಎಣಿಸುತ್ತಾ ಬಿಡಿ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ನಿಂತು ಎಣಿಸಿದೆ. ಎಳೆದುಕೊಂಡಾಗಿತ್ತು, ಮೂರರವರೆಗೆ ತಡೆದಾಗಿತ್ತು. ಹಿಂದಿನಿಂದ ಮಾವನವರ ಧ್ವನಿ: "ಬೇಗ ಬುಡವ್ವ, ಬಸ್ ಬತ್ತದೆ."

ಅವರನ್ನು ನೋಡಿ ನಗಬಹುದಿತ್ತು, ಎಷ್ಟೋ ಸಲ ನಕ್ಕಿದ್ದೇನೆ. ಆದರೆ ನಗುವುದಕ್ಕೂ ಮೈಯಲ್ಲಿ ಸ್ವಲ್ಪ ತ್ರಾಣ ಬೇಕು. ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ನನ್ನಲ್ಲಿ ಅದು ಮುಗಿದಿತ್ತು.

ಮಾವನವರ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಗೊತ್ತುಮಾಡಲು ಮಂಡ್ಯದ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮುಖ್ಯೋಪಾಧ್ಯಾಯಿನಿಯವರ ಮುಖ ನೋಡಿ, ಅವರ ಮಾತು ಕೇಳಿಸಿಕೊಂಡು, ಅರ್ಧ ದಿನದ ರಜೆ ಪಡೆದು ಬಂದಿದ್ದೆ. ನಮ್ಮ ಸರದಿಯ ಸಂಖ್ಯೆ ನಲವತ್ತೊಂದು. ಒಳಗೆ ಹೋಗಿದ್ದದ್ದು ಹದಿನಾರು. ಮಾವನವರು ಮೊದಲು ಸರದಿ ಕರೆಯುವ ಹುಡುಗಿಯ ಬಳಿ ಹೋಗಿ, ಒಳಗೆ ಒಬ್ಬೊಬ್ಬರಿಗೆ ಎಷ್ಟು ನಿಮಿಷ ಎಂದು ವಿಚಾರಿಸಿದರು. ಆಮೇಲೆ ಅವಳ ಪಕ್ಕದಲ್ಲೇ ನಿಂತು ತಾವೇ ಸಂಖ್ಯೆ ಕೂಗತೊಡಗಿದರು. ಹತ್ತೊಂಬತ್ತನೆಯವರು ಚಪ್ಪಲಿ ಬಿಡುತ್ತಿದ್ದಾಗಲೇ ಇಪ್ಪತ್ತು ಎಂದರು. ಒಬ್ಬ ಅಜ್ಜಿ ಗಾಬರಿಯಲ್ಲಿ ಎಡವಿದರು. ಆ ಹುಡುಗಿ ತಾಳ್ಮೆಯಿಂದ ಎರಡು ಸಲ ಹೇಳಿದಳು. ಮೂರನೆಯ ಸಲ ಮಾವನವರು ಅವಳಿಗೆ, ನಾನು ನಿನ್ನ ವಯಸ್ಸಿನಲ್ಲಿ ಇಡೀ ಬೆಂಗಳೂರಿಗೆ ದೀಪ ಹಾಕುತ್ತಿದ್ದೆ ಎಂದು ಹೇಳಿ, ಡಾಕ್ಟರ ಬಾಗಿಲನ್ನು ತಾವೇ ತಳ್ಳಿದರು.

ನನಗೆ ಏನಾಯಿತೋ ಗೊತ್ತಿಲ್ಲ. ನಲವತ್ತು ಮಕ್ಕಳ ಗದ್ದಲ ಅಡಗಿಸುವ ಧ್ವನಿಯೊಂದು ನನ್ನಲ್ಲಿದೆ, ಅದನ್ನು ಮನೆಗೆ ಎಂದೂ ತಂದವಳಲ್ಲ. ಅದೇ ಧ್ವನಿ ಹೊರಗೆ ಬಂತು. "ಮಾವ, ನೀವು ರಿಟೈರಾಗಿ ಹದಿನಾಲ್ಕು ವರ್ಷ ಆಯ್ತು. ನೀವು ಹೇಳಿದಂಗೆ ಕೇಳೋಕೆ ಇಲ್ಲಿ ಯಾರೂ ನಿಮ್ಮ ಕೈಕೆಳಗಿನವರಲ್ಲ. ಸುಮ್ಮನೆ ಬಂದು ಕೂತ್ಕೊಳ್ಳಿ."

ಇಡೀ ಹಾಲ್ ಕೂತುಕೊಂಡಿತು. ಸರದಿ ಕರೆಯುವ ಹುಡುಗಿಯೂ ಕೂತಳು. ಮಾವನವರು ಬಾಗಿಲಿನಿಂದ ಕೈ ತೆಗೆದು, ನಿಧಾನವಾಗಿ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಎರಡು ಕೈಯನ್ನೂ ಮಂಡಿಯ ಮೇಲಿಟ್ಟು ಕೂತರು. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಷ್ಟು ವರ್ಷದಿಂದ ನಿದ್ದೆಯಿಲ್ಲ, ನಿಮ್ಮಿಂದ ಎಲ್ಲಿ ಹೋದರೂ ತಲೆ ತಗ್ಗಿಸಬೇಕು ಎಂದು ಇನ್ನೂ ಏನೇನೋ ಹೇಳಿದೆ. ಅವರು ಎದುರು ಗೋಡೆ ನೋಡುತ್ತಿದ್ದರು. ನಮ್ಮ ಸಂಖ್ಯೆ ಬರಲು ಎರಡು ಗಂಟೆಯಾಯಿತು. ಅಷ್ಟು ಹೊತ್ತೂ ಅವರು ಗಡಿಯಾರ ನೋಡಲಿಲ್ಲ.

ಮರುದಿನ ನಾಲ್ಕೂವರೆಗೆ ಯಾರೂ ಬಾಗಿಲು ತಟ್ಟಲಿಲ್ಲ. ನನಗೆ ತಾನಾಗಿ ಎಚ್ಚರವಾಯಿತು, ಕಾದೆ, ಸದ್ದಿಲ್ಲ. ಮಗ್ಗುಲಾಗಿ ಮಲಗಿದೆ. ನಿಜ ಹೇಳುತ್ತೇನೆ, ಬಹಳ ಸುಖವಾಯಿತು. ಆಪರೇಷನ್ ಆಯಿತು, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು. ದಿನಕ್ಕೆ ನಾಲ್ಕು ಸಲ ಔಷಧಿಯ ಹನಿ ಬಿಡಬೇಕು. ಬೆಳಿಗ್ಗೆ ನಾನು, ಮಧ್ಯಾಹ್ನ ಪಕ್ಕದ ಮನೆಯಾಕೆ, ಸಂಜೆ ಮತ್ತು ಮಲಗುವ ಮುಂಚೆ ಮತ್ತೆ ನಾನು. ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಕಾಪಿ ಕುಡೀಬೋದಾ?" ಎಂದು ಕೇಳುವವರಾದರು. ನಾನು "ಆಮೇಲೆ ಮಾವ" ಎಂದರೆ ಸುಮ್ಮನೆ ಹೋಗಿ ಕೂರುತ್ತಿದ್ದರು. ಆ "ಆಮೇಲೆ" ಎಂಬ ಪದ ಎಷ್ಟು ರುಚಿಯಾಗಿತ್ತು ಗೊತ್ತಾ? ಕಾಫಿ ಸಿದ್ಧವಾಗಿದ್ದರೂ ಒಂದೆರಡು ಸಲ ಆಮೇಲೆ ಎಂದಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಎಂದಿದ್ದೇನೆ. ಲೈನ್‌ಮನ್ ಫೋನು ಮಾಡಿ ಅಪ್ಪಣೆ ಕೇಳಿದರೆ, ನಿಮ್ಮಿಷ್ಟ ಎಂದು ಇಟ್ಟರು. ಅವನು ಪಾಪ ಮನೆಗೇ ಬಂದು, ಯಜಮಾನರಿಗೆ ಹುಷಾರಿಲ್ಲವಾ ಎಂದು ಕೇಳಿಕೊಂಡು ಹೋದ. ನನ್ನ ಗಂಡ ಎಂದೂ ಇಲ್ಲದಂತೆ ಒಂದು ಮಾತಾಡಿದರು. "ಅಪ್ಪ ಯಾಕೋ ಕೂಗೋದೇ ಇಲ್ಲ" ಎಂದರು. ನಾನು, ಒಳ್ಳೆಯದೇ ಆಯಿತಲ್ಲ ಎಂದೆ. ಅವರು ಹೂಂ ಎನ್ನಲಿಲ್ಲ.

ಒಂದು ಸಂಜೆ ಶಾಲೆಯಲ್ಲಿ ಮೀಟಿಂಗ್ ಮುಗಿದು ಮನೆಗೆ ಬರುವಾಗ ಕತ್ತಲಾಗುತ್ತಾ ಬಂದಿತ್ತು. ಬೀದಿಯ ಮನೆಗಳಲ್ಲೆಲ್ಲ ದೀಪ, ನಮ್ಮ ಮನೆಯಲ್ಲಿಲ್ಲ. ಬಾಗಿಲು ತೆರೆದರೆ ಹಜಾರದ ಕುರ್ಚಿಯಲ್ಲಿ ಮಾವನವರು ಕೂತಿದ್ದಾರೆ, ಕೈಯಲ್ಲಿ ಔಷಧಿಯ ಪುಟ್ಟ ಸೀಸೆ. ನಾನು ಸ್ವಿಚ್ಚು ಒತ್ತಿ, ಯಾಕೆ ಮಾವ ಕತ್ತಲಲ್ಲಿ ಕೂತಿದ್ದೀರಿ ಎಂದೆ.

"ಲೈಟ್ ಆಕ್ಲಾ ಅಂತ ಕೇಳಾಣ ಅಂದ್ರೆ ನೀನಿರ್ನಿಲ್ಲ" ಎಂದರು.

ಅದರಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇರಲಿಲ್ಲ. ಅವರು ನಿಜವಾಗಿಯೂ ಕೇಳಿ ಹಾಕೋಣ ಎಂದುಕೊಂಡಿದ್ದರು. ನಾನು ಅವರ ಎದುರಿಗೆ ನೆಲದ ಮೇಲೆ ಕೂತು, ಅವತ್ತು ಆಸ್ಪತ್ರೆಯಲ್ಲಿ ಹಾಗೆ ಮಾತಾಡಬಾರದಿತ್ತು ಎಂದೆ. ಸುಸ್ತಾಗಿತ್ತು, ಏನೋ ಬಂದುಬಿಟ್ಟಿತು ಎಂದೆ. ಅವರು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿ, "ನೀನೇನ್ ಸುಳ್ಳೇಳ್ಲಿಲ್ವಲ್ಲವ್ವ. ಅದ್ನಾಕು ವರ್ಸದಿಂದ ಯಾರೂ ಏಳಿರ್ನಿಲ್ಲ, ಅಷ್ಟೇಯ" ಎಂದರು. ಕಣ್ಣಿಗೆ ಹನಿ ಬಿಡಲು ತಲೆ ಹಿಂದಕ್ಕೆ ಒರಗಿಸಿದರು. ನಾನು ಎದ್ದು ಹಸಿರು ಬಟ್ಟೆ ಸರಿಸಿ ಹನಿ ಬಿಟ್ಟೆ, ಎರಡು ಗುರಿ ತಪ್ಪಿ ಕೆನ್ನೆಯ ಮೇಲೆ ಬಿದ್ದವು.

ಅವತ್ತಿನಿಂದ ನಾನು, ಲೈಟು ನೀವೇ ಹಾಕಿ, ಕಾಫಿ ಕೇಳಬೇಡಿ, ಕೂಗಿ ಎಂದು ದಿನಾ ಹೇಳುತ್ತಿದ್ದೆ. ಅವರು ಆಯ್ತು ಎನ್ನುತ್ತಿದ್ದರು. ಕೂಗುತ್ತಿರಲಿಲ್ಲ. ಕೂಗಿ ಎಂದು ಆಜ್ಞೆ ಮಾಡಿದರೆ ಯಾರಾದರೂ ಕೂಗುತ್ತಾರೆಯೇ? ಇಪ್ಪತ್ತು ವರ್ಷ ಬೇಡಿಕೊಂಡ ಮೌನ ಮನೆ ತುಂಬ ಬಿದ್ದಿತ್ತು, ಅದನ್ನು ಎಲ್ಲಿಡುವುದೆಂದು ನನಗೆ ತಿಳಿಯುತ್ತಿರಲಿಲ್ಲ.

ಪರೀಕ್ಷೆಗಳು ಮುಗಿದ ವಾರ. ಐದು ದಿನ ಸರಿಯಾಗಿ ಮಲಗಿರಲಿಲ್ಲ. ಶುಕ್ರವಾರ ಸಂಜೆ ಐದೂವರೆಗೆ ಮಾವನವರ ಕಣ್ಣನ್ನು ಡಾಕ್ಟರು ಕೊನೆಯ ಸಲ ನೋಡಬೇಕಿತ್ತು. ನೋಡಿ ಸರಿ ಎಂದರೆ ಹೊಸ ಕನ್ನಡಕ. ಈ ಸಲ ನಮ್ಮ ಸರದಿಯ ಸಂಖ್ಯೆ ಎರಡು. ಮಾವನವರು ಮಂಡ್ಯ ಬಸ್ ಸ್ಟ್ಯಾಂಡಿಗೆ ಬಂದಿರುವುದು, ನಾನು ಮದ್ದೂರಿನಿಂದ ಬಂದು ಇಳಿಯುವುದು, ಇಬ್ಬರೂ ಅಲ್ಲಿಂದಲೇ ಆಸ್ಪತ್ರೆಗೆ ಹೋಗುವುದು ಎಂದು ಮಾತಾಗಿತ್ತು. ಮದ್ದೂರಿನಲ್ಲಿ ಮೈಸೂರಿಗೆ ಹೋಗುವ ಬಸ್ಸು ಸಿಕ್ಕಿತು. ಬಸ್ಸು ಬಿಟ್ಟಾಗ ಮಾವನವರಿಗೆ ಫೋನು ಮಾಡಿ ಮೈಸೂರಿನ ಬಸ್ಸೆಂದೂ ಎಷ್ಟು ಹೊತ್ತಿಗೆ ಮಂಡ್ಯ ಮುಟ್ಟುತ್ತದೆಂದೂ ಹೇಳಿದೆ. ಕಿಟಕಿಯ ಪಕ್ಕದ ಸೀಟು. ಮಂಡ್ಯದವರೆಗಿನ ಉಚಿತ ಟಿಕೆಟ್ಟು ಕೈಯಲ್ಲಿತ್ತು. ಮದ್ದೂರಿನ ಸೇತುವೆ ದಾಟಿದ್ದು ನೆನಪಿದೆ. ಅಷ್ಟೇ.

ಎಚ್ಚರವಾದಾಗ ಬಸ್ಸು ಎಲ್ಲೋ ನಿಂತಿತ್ತು, ಜನ ಇಳಿಯುತ್ತಿದ್ದರು. ನನ್ನ ತಲೆ ಒಂದು ಹೆಗಲಿನ ಮೇಲಿತ್ತು. ಗಡಬಡಿಸಿ ಎದ್ದು ನೋಡಿದರೆ ಪಕ್ಕದಲ್ಲಿ ಮಾವನವರು, ನನ್ನ ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದಾರೆ. ಹೊರಗೆ ನೋಡಿದೆ. ಮೈಸೂರು.

ಮಾವ, ಡಾಕ್ಟರು ಎಂದೆ. ಡಾಕ್ಟರು ನಾಳೆಯೂ ಇರುತ್ತಾರೆ ಎಂದರು. ಇಳಿ, ಕಾಫಿ ತರುತ್ತೇನೆ ಎಂದು ನನ್ನ ಬ್ಯಾಗು ಹಿಡಿದೇ ಇಳಿದು ಅಂಗಡಿಯ ಕಡೆಗೆ ನಡೆದರು. ನಾನು ಕಾಲು ಜೋಮು ಹಿಡಿದು ಮೆಟ್ಟಿಲಲ್ಲಿ ನಿಂತೆ. ಆಗ ಕಂಡಕ್ಟರು ತಾನಾಗಿ ಬಂದು ನಡೆದದ್ದನ್ನು ಹೇಳಿದರು.

ಮಂಡ್ಯದಲ್ಲಿ ಈ ಯಜಮಾನರು ಬಸ್ಸು ಹತ್ತಿ, ಸೀಟು ಸೀಟು ನೋಡುತ್ತಾ ಬಂದು, ನನ್ನ ಹತ್ತಿರ ನಿಂತರಂತೆ. ಮಂಡ್ಯ ಬಂತು, ಇಳಿಸಿಕೊಳ್ಳಿ ಎಂದು ಕಂಡಕ್ಟರು ಹೇಳಿದರೆ, ಇವರು ಮಾತಾಡದೆ ಪಕ್ಕದಲ್ಲಿ ಕೂತುಬಿಟ್ಟರಂತೆ. ಬಸ್ಸು ಹೊರಟಿತು. ಮೈಸೂರಿಗೆ ಎರಡು ಟಿಕೆಟ್ಟು ಕೊಡಿ ಎಂದರು. ಹೆಂಗಸರಿಗೆ ಉಚಿತ, ಆದರೆ ಹೊಸ ಟಿಕೆಟ್ಟಿಗೆ ಗುರುತಿನ ಕಾರ್ಡು ನೋಡಬೇಕು, ಎಬ್ಬಿಸಿ ಎಂದು ಕಂಡಕ್ಟರು ಹೇಳಿದರು. ಕಾರ್ಡು ಬ್ಯಾಗಿನಲ್ಲಿರುತ್ತದೆ, ತೆಗೆದು ತೋರಿಸಿ ಎಂದೂ ಹೇಳಿದರು. ಹೆಣ್ಣುಮಗಳ ಬ್ಯಾಗು ನಾನು ತೆಗೆಯುವುದಿಲ್ಲ ಎಂದರಂತೆ.

"ದುಡ್ಡು ತಕೊಳಪ್ಪ, ಎಬ್ಬಿಸ್ಬ್ಯಾಡ ಅಂದ್ರು ಮೇಡಂ" ಎಂದರು ಕಂಡಕ್ಟರು. "ಶ್ರೀರಂಗಪಟ್ಟಣದಲ್ಲಿ ನಾನು ಸ್ಟಾಪ್ ಹೆಸರು ಕೂಗಿದ್ದಕ್ಕೂ ಮೆಲ್ಲಗೆ ಅಂತ ಸನ್ನೆ ಮಾಡಿದ್ರು. ಇಷ್ಟು ದಿನದಲ್ಲಿ ಮೆಲ್ಲಗೆ ಸ್ಟಾಪ್ ಹೇಳಿದ್ದು ಇದೇ ಮೊದಲು."

ಮಾವನವರು ಎರಡು ಲೋಟ ಹಿಡಿದುಕೊಂಡು ಬಂದರು. ನಾವಿಬ್ಬರೂ ಒಂದು ಕಂಬದ ಪಕ್ಕ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, ಯಾಕೆ ಎಬ್ಬಿಸಲಿಲ್ಲ ಎಂದು. ಅವರು ಕಾಫಿಯನ್ನು ಒಂದು ಗುಟುಕು ಕುಡಿದರು, ಇನ್ನೊಂದು ಗುಟುಕು ಕುಡಿದರು.

"ಎಬ್ಬಿಸಾಣ ಅಂತ್ಲೇ ಕೈ ಎತ್ತಿದ್ದೆ ಕಣವ್ವ" ಎಂದರು. "ಮಕ ನೋಡ್ದೆ. ನೀನು ನಮ್ಮನೆಗೆ ಬಂದು ಇಪ್ಪತ್ ವರ್ಸ ಆಯ್ತು, ನೀನು ಮಲ್ಗಿರೋದ ನಾನು ಒಂದಿನಾನೂ ನೋಡಿರ್ನಿಲ್ಲ."

ಮಂಡ್ಯದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹುಡುಕುವವಳ ಹಾಗೆ ನಾನು ಆ ಕಡೆ ತಿರುಗಿಕೊಂಡೆ. ಬಸ್ಸು ಎದುರಿಗೇ ನಿಂತಿತ್ತು.